ಬೊಲೆರೋ ಕಿಟಕಿಯ ಮೇಲೊಂದು ಜೋಳದ ಚೀಲ

ಬಂದೂಕಿರಲಿ, ದುರ್ಬೀನಿರಲಿ, ಉದ್ದ ಮೂತಿಯ ಕ್ಯಾಮೆರಾ ಇರಲಿ, ಗುರಿ ಹಿಡಿಯುವ ಯಾವ ಸಾಧನಕ್ಕೂ ಬರಿಗೈ ಸಾಲದು; ಕೆಳಗೊಂದು ಆನಿಕೆ ಬೇಕು. ಮನುಷ್ಯನ ಕೈ ಎಷ್ಟೇ ಬಿಗಿಯಾಗಿ ಹಿಡಿದರೂ ಸೆಕೆಂಡಿಗೆ 8ರಿಂದ 12 ಸಲ ಸಣ್ಣಗೆ ನಡುಗುತ್ತಲೇ ಇರುತ್ತದೆ. ಇದು ಹೆದರಿಕೆಯಿಂದ ಬಂದದ್ದಲ್ಲ, ಸ್ನಾಯುಗಳ ಸಹಜ ಗುಣ. ಅದರ ಮೇಲೆ ಎದೆಬಡಿತ, ಅದರ ಮೇಲೆ ಉಸಿರಾಟ. ಹೊತ್ತು ಮುಳುಗಿ ಎದುರಿಗೆ ಕರಡಿ ನಿಂತಿದ್ದರೆ ಹೆದರಿಕೆಯ ನಡುಕವೂ ಜೊತೆಗೂಡುತ್ತದೆ. ಅದು ಸೆಕೆಂಡಿಗೆ ಎಷ್ಟು ಸಲ ಎಂದು ಎಣಿಸುವ ಸ್ಥಿತಿಯಲ್ಲಿ ಆಗ ಯಾರೂ ಇರುವುದಿಲ್ಲ. ಮೂತಿ ಒಂದು ಡಿಗ್ರಿ ಅತ್ತಿತ್ತ ಆದರೆ 100 ಮೀಟರ್ ಆಚೆ ಗುರಿ ಒಂದೂಮುಕ್ಕಾಲು ಮೀಟರ್ ಸರಿದಿರುತ್ತದೆ. ಅಂದರೆ ಕರಡಿಗೆ ಹಿಡಿದದ್ದು ಪಕ್ಕದ ಬಂಡೆಗೆ ಹೋಗಿರುತ್ತದೆ. ಕೂಡ್ಲಿಗಿ ಸೀಮೆಯ ಮುಸ್ಸಂಜೆಯಲ್ಲಿ ಬಂಡೆಗೂ ಕರಡಿಗೂ ಅಷ್ಟಾಗಿ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ ಗುರಿ ತಪ್ಪಿದ್ದು ಬಹಳ ಹೊತ್ತು ಗೊತ್ತಾಗದೆಯೂ ಹೋಗಬಹುದು.

ಗಾಡಿಯ ಮೇಲೆ ಕೂತು ಗುರಿ ಹಿಡಿಯುವ ಚಾಳಿ ಮೋಟಾರಿಗಿಂತ ಹಳೆಯದು. ಬಯಲುಸೀಮೆಯ ಕೃಷ್ಣಮೃಗ ನಡೆದು ಬರುವ ಮನುಷ್ಯನನ್ನು ಕಂಡರೆ ನೆಗೆದು ಓಡುತ್ತದೆ, ಎತ್ತಿನ ಗಾಡಿ ಕಂಡರೆ ತನ್ನ ಪಾಡಿಗೆ ಮೇಯುತ್ತಿರುತ್ತದೆ. ಈ ಗುಟ್ಟು ತಿಳಿದ ಬೇಟೆಗಾರರು ಗಾಡಿಯ ಮರೆಯಲ್ಲೇ ಹತ್ತಿರ ಸಾಗಿ, ಗಾಡಿಯ ಗೂಟಕ್ಕೆ ಬಂದೂಕು ಆನಿಸುತ್ತಿದ್ದರು. ಗೂಟ ಗಟ್ಟಿಯೇ. ಆದರೆ ಎತ್ತು ನೊಣ ಓಡಿಸಲು ಕುತ್ತಿಗೆ ಕೊಡವಿದರೆ ಆ ಅಲುಗು ನೊಗಕ್ಕೆ, ನೊಗದಿಂದ ಮೂಕಿಗೆ, ಮೂಕಿಯಿಂದ ಗೂಟಕ್ಕೆ, ಗೂಟದಿಂದ ನಳಿಕೆಗೆ ತಪ್ಪದೆ ತಲುಪುತ್ತಿತ್ತು. ಎಷ್ಟು ಕೃಷ್ಣಮೃಗಗಳು ನೊಣದ ದಯೆಯಿಂದ ಬದುಕಿದವೋ ಬರೆದಿಟ್ಟವರಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನು ಅರಸರ ವಿನೋದಗಳಲ್ಲಿ ಒಂದೆಂದು ವಿವರಿಸಲಾಗಿದೆ. ಅರಸನ ಹೆಸರಿನಲ್ಲಿರುವ ಗ್ರಂಥದಲ್ಲಿ ಅರಸನ ಕೈ ನಡುಗಿದ ಪ್ರಸಂಗ ಹುಡುಕುವುದು ಮಾತ್ರ ವ್ಯರ್ಥ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜೀಪು ಬಂತು. ಸೈನ್ಯ ಬಿಟ್ಟುಕೊಟ್ಟ ಜೀಪುಗಳು ಹರಾಜಿನಲ್ಲಿ ಸಿಕ್ಕವು. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿಯವರೇ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ಈ ಜೀಪಿನ ಮುಂದಿನ ಗಾಜಿನ ಚೌಕಟ್ಟು ಬಾನೆಟ್ಟಿನ ಮೇಲೆ ಮಡಚಿಕೊಳ್ಳುತ್ತಿತ್ತು. ಯುದ್ಧಕ್ಕೆಂದು ಮಾಡಿದ ಈ ಸೌಕರ್ಯ ಶಿಕಾರಿಯವರಿಗೆ ವರವಾಯಿತು. ಮಡಚಿದ ಚೌಕಟ್ಟಿನ ಮೇಲೆ ಕಂಬಳಿ ಸುತ್ತಿಟ್ಟು, ಕಂಬಳಿಯ ಮೇಲೆ ಬಂದೂಕಿಟ್ಟು, ಪಕ್ಕದವನ ಕೈಗೆ ಸರ್ಚ್‌ಲೈಟು ಕೊಟ್ಟರೆ ಇರುಳು ಬೇಟೆಯ ಸರಂಜಾಮು ಮುಗಿಯಿತು. ಕಂಬಳಿ ಇಲ್ಲದವರು ಅಂಗಿ ಬಿಚ್ಚಿ ಸುತ್ತುತ್ತಿದ್ದರು. ಚಳಿಗಾಲದಲ್ಲಿ ಇದರಿಂದ ನಡುಕ ಹೆಚ್ಚುತ್ತಿತ್ತೇ ಹೊರತು ತಗ್ಗುತ್ತಿರಲಿಲ್ಲ. ಬರಿಯ ಕಬ್ಬಿಣದ ಮೇಲೆ ಬಂದೂಕಿಟ್ಟರೆ ಗುಂಡು ಹಾರುವಾಗ ನಳಿಕೆ ಮೇಲಕ್ಕೆ ನೆಗೆಯುತ್ತದೆ, ಆದ್ದರಿಂದ ಗಟ್ಟಿಯದರ ಮೇಲೆ ಮೆತ್ತನೆಯದೊಂದು ಬೇಕೇ ಬೇಕು ಎಂಬ ಅನುಭವದ ಮಾತನ್ನು ಈ ಕಾಲದವರೇ ದಾಟಿಸಿದ್ದು. ಅವರಿಂದ ಉಳಿದ ಒಳ್ಳೆಯ ಆಸ್ತಿ ಬಹುಶಃ ಅದೊಂದೇ. ದೀಪಕ್ಕೆ ಕಣ್ಣು ಕೋರೈಸಿ ನಿಂತಲ್ಲೇ ನಿಂತ ಪ್ರಾಣಿಯನ್ನು ಕೂತಲ್ಲಿಂದಲೇ ಹೊಡೆಯುವುದನ್ನು ಶೌರ್ಯವೆಂದು ಕರೆಯಲು ವಿಶೇಷ ಧೈರ್ಯ ಬೇಕು. ಈಗಿನ ಛತ್ತೀಸಗಡದಲ್ಲಿದ್ದ ಕೊರಿಯಾ ಸಂಸ್ಥಾನದ ಅರಸ ರಾಮಾನುಜ ಪ್ರತಾಪ ಸಿಂಗ್ ದೇವ್ 1947ರಲ್ಲಿ ಒಂದು ರಾತ್ರಿ ವಾಹನದಲ್ಲಿ ಹೋಗುತ್ತಿದ್ದಾಗ ದೀಪದ ಬೆಳಕಿಗೆ ಸಿಕ್ಕ ಮೂರು ಚೀತಾಗಳನ್ನು ಹೊಡೆದ. ದೇಶದಲ್ಲಿ ಚೀತಾಗಳ ಕೊನೆಯ ಖಚಿತ ದಾಖಲೆಯೆಂದು ಹೆಸರಾದದ್ದು ಅದೇ. 1952ರಲ್ಲಿ ಚೀತಾ ಅಳಿದುಹೋಯಿತೆಂದು ಸರ್ಕಾರ ಘೋಷಿಸಿತು.

ಕಾನೂನು ತಡವಾಗಿ ಬಂದರೂ ಕೂಲಂಕಷವಾಗಿ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 17ನೆಯ ಕಲಮು ವಾಹನದಿಂದ ಬೇಟೆ ಕೂಡದು ಎಂದು ಒಂದು ಕಡೆ, ಕೃತಕ ದೀಪ ಹಿಡಿಯಕೂಡದು ಎಂದು ಇನ್ನೊಂದು ಕಡೆ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೇಟೆ ಕೂಡದು ಎಂದು ಮತ್ತೊಂದು ಕಡೆ ಹೇಳಿತು. ಕೊನೆಯ ಎರಡಕ್ಕೆ ಮಾತ್ರ ವಿಶೇಷ ಪರವಾನಗಿಯ ಸಣ್ಣ ಕಿಂಡಿ ಬಿಟ್ಟಿತ್ತು. ಇರುಳು ಜೀಪಿನ ಶಿಕಾರಿಯವನು ಒಂದೇ ಗುಂಡಿಗೆ ಮೂರು ತಪ್ಪು ಮಾಡಿದಂತಾಯಿತು. 1991ರ ತಿದ್ದುಪಡಿ ಬೇಟೆಯನ್ನೇ ನಿಲ್ಲಿಸಿ ಈ ಕಲಮನ್ನೂ ತೆಗೆದುಹಾಕಿತು. ಆಟವೇ ಇಲ್ಲದ ಮೇಲೆ ಆಟದ ನಿಯಮವೇಕೆ? ಕರಡಿ, ಕೃಷ್ಣಮೃಗ ಎರಡೂ ಮೊದಲ ಅನುಸೂಚಿಯಲ್ಲಿವೆ. ಹೀಗೆ ಬಂದೂಕು ಇಳಿಯಿತು, ಆನಿಕೆ ಉಳಿಯಿತು, ಆನಿಕೆಯ ಮೇಲೆ ಕ್ಯಾಮೆರಾ ಏರಿತು.

ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಸುತ್ತ ಈ ವಿದ್ಯೆಗೆ ಬೇಕಾದ ಎಲ್ಲ ಅನುಕೂಲಗಳೂ ಇವೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಿಂದ ಕರಡಿಧಾಮವಿದೆ. ಆಚೆ ದರೋಜಿಯದು 1994ರದ್ದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ನೀರೊಳಗೆ ನಿಂತ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಸಂಸಾರ ಹೂಡುತ್ತವೆ. ಅದು 2024ರಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿತು. ಚಳಿಗಾಲದಲ್ಲಿ ಜೋಳದ ಹೊಲಗಳಿಗೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಇಳಿಯುತ್ತದೆ. ಇವೆಲ್ಲ ನಡೆದು ಬರುವವನಿಗಿಂತ ನಿಂತ ವಾಹನವನ್ನು ಹೆಚ್ಚು ನಂಬುತ್ತವೆ. ಮುಕ್ಕಾಲಿ ಹೂಡಲು ಇಳಿದರೆ ಹಕ್ಕಿ ಹಾರಿತು, ಕರಡಿಯಾದರೆ ಹಾರಬೇಕಾದವನು ಇಳಿದವನೇ. ಆದ್ದರಿಂದ ಬೊಲೆರೋ ಅಥವಾ ಕ್ರೂಸರ್‌ನ ಕಿಟಕಿಯೇ ಗತಿ.

ಕರಡಿಧಾಮಕ್ಕೆ ಕತ್ತಲಾದ ಮೇಲೆ ಪ್ರವೇಶವಿಲ್ಲ, ಪ್ರಾಣಿಯ ಮುಖಕ್ಕೆ ದೀಪ ಬಿಡುವಂತೆಯೂ ಇಲ್ಲ. ಹಾಗಾಗಿ ಕ್ಯಾಮೆರಾದವನ ಇರುಳೆಂದರೆ ಹೊತ್ತು ಮುಳುಗುವ ಆಚೀಚೆಯ ಅರ್ಧ ಗಂಟೆ. ಕರಡಿ ಗವಿಯಿಂದ ಹೊರಬೀಳುವುದೂ ಆ ಹೊತ್ತಿಗೇ. 400 ಮಿಲಿಮೀಟರ್ ಲೆನ್ಸನ್ನು ಕೈಯಲ್ಲಿ ಹಿಡಿದರೆ ಸೆಕೆಂಡಿನ 400ನೆಯ ಒಂದು ಭಾಗದಲ್ಲಿ ಚಿತ್ರ ಮುಗಿಯಬೇಕೆಂಬುದು ಹಳೆಯ ಲೆಕ್ಕ. ಆ ಬೆಳಕಿನಲ್ಲಿ ಕ್ಯಾಮೆರಾ 25ನೆಯ ಒಂದು ಭಾಗ ಕೇಳುತ್ತದೆ. 16 ಪಟ್ಟು ಹೆಚ್ಚು ಹೊತ್ತು ಅಲುಗದೆ ಇರಬೇಕು. ಕಿಟಕಿಯ ಗಾಜನ್ನು ಅರ್ಧ ಏರಿಸಿ ಅದರ ಅಂಚಿನ ಮೇಲೆ ಲೆನ್ಸ್ ಇಡುವವರಿದ್ದಾರೆ. ಗಾಜು ತನ್ನ ರಬ್ಬರಿನೊಳಗೆ ಲಟಲಟ ಅಲುಗುತ್ತದೆ, ಭಾರ ಹೆಚ್ಚಾದರೆ ಒಳಕ್ಕೆ ಇಳಿದೂ ಹೋಗುತ್ತದೆ. ಗಾಜು ಪೂರ್ತಿ ಇಳಿಸಿ, ಬಾಗಿಲ ಅಂಚಿನ ಮೇಲೆ ಕಾಳು ತುಂಬಿದ ಚೀಲ ಕೂರಿಸುವುದೇ ಸರಿಯಾದ ದಾರಿ.

ಚೀಲಕ್ಕೆ ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಸಾಕು: ಒಂದು ತುದಿ ಹೊಲಿದು, ಕಾಳು ಹಾಕಿ, ಇನ್ನೊಂದು ತುದಿ ಹೊಲಿಯಬೇಕು. ನಡುವೆ ಒಂದು ಹೊಲಿಗೆ ಓಡಿಸಿದರೆ ಎರಡು ಹೊಟ್ಟೆಗಳಾಗಿ, ಒಂದು ಬಾಗಿಲ ಒಳಗೂ ಒಂದು ಹೊರಗೂ ಇಳಿಬಿದ್ದು ಜಾರದೆ ಕೂರುತ್ತದೆ. ಮನೆಯಲ್ಲಿ ಅಜ್ಜನ ಕಾಲದ ಹಸಿಬೆ ಚೀಲ ಇದ್ದರೆ ದರ್ಜಿಯ ಹಂಗೂ ಇಲ್ಲ. ಹೆಗಲ ಮೇಲೆ ಹಿಂದೊಂದು ಮುಂದೊಂದು ಹೊಟ್ಟೆ ಇಳಿಬಿಟ್ಟು ಸಂತೆಗೆ ಹೋಗುತ್ತಿದ್ದ ಆ ಚೀಲ, ಬೊಲೆರೋ ಬಾಗಿಲನ್ನು ಹೆಗಲೆಂದೇ ತಿಳಿದು ಕೂರುತ್ತದೆ. ಎಷ್ಟು ತುಂಬಬೇಕೆಂಬುದರಲ್ಲಿ ಹೊಸಬರು ಎಡವುವುದು ಹೆಚ್ಚು. ಕಂಠಮಟ್ಟ ತುಂಬಿದ ಚೀಲ ಉರುಟಾಗಿ, ಲೆನ್ಸ್ ಅದರ ಮೇಲೆ ನಿಲ್ಲದೆ ಉರುಳುತ್ತದೆ. ಮೂರರಲ್ಲಿ ಎರಡು ಪಾಲು ತುಂಬಿದರೆ ಕಾಳು ಸರಿದಾಡಿ ಲೆನ್ಸಿಗೊಂದು ತಗ್ಗು ಮಾಡಿಕೊಡುತ್ತದೆ. ಮೇಲಿಂದ ಭಾರ ಬಿದ್ದೊಡನೆ ಕಾಳಿಗೆ ಕಾಳು ಒತ್ತಿಕೊಂಡು ಬಿಗಿಯುತ್ತದೆ. ಸಡಿಲವಿದ್ದಾಗ ನೀರು, ಒತ್ತಿದಾಗ ಕಲ್ಲು. ಚೀಲದ ವಿದ್ಯೆಯೆಲ್ಲ ಇಷ್ಟೇ.

ಏನು ತುಂಬಬೇಕೆಂಬುದು ಮಾತ್ರ ಸುಲಭಕ್ಕೆ ಬಗೆಹರಿಯುವ ಪ್ರಶ್ನೆಯಲ್ಲ. ಸ್ಥಿರತೆಯೊಂದನ್ನೇ ನೋಡಿದರೆ ಮರಳಿಗೆ ಸಮನಿಲ್ಲ. ನಾಲ್ಕು ಲೀಟರ್ ಚೀಲ ಆರು ಕಿಲೋ ತೂಗುತ್ತದೆ, ಅಲುಗುವ ಮಾತೇ ಇಲ್ಲ. ಆದರೆ ಹೊಲಿಗೆಯ ಸಂದಿಯಿಂದ ಉದುರಿ ಲೆನ್ಸಿನ ಉಂಗುರಕ್ಕೆ ಸೇರಿದರೆ ತಿರುಗಿಸಿದಾಗಲೆಲ್ಲ ಕರಕರ ಸದ್ದು. ಇನ್ನೊಂದು ತೊಡಕು ಸ್ಥಳೀಯವಾದದ್ದು: ತುಂಗಭದ್ರೆಯ ದಂಡೆಯ ಮಾಗಳದಂಥ ಊರುಗಳ ಕಡೆಯಿಂದ ರಾತ್ರಿ ಬರುವ ಗಾಡಿಯಲ್ಲಿ ಮರಳು ಸಿಕ್ಕರೆ ವಿಚಾರಣೆ ಬೇರೆಯೇ ದಾರಿ ಹಿಡಿಯುತ್ತದೆ. ಇದು ಛಾಯಾಗ್ರಹಣಕ್ಕೆ ಎಂದರೆ ನಂಬುವವರು ಕಡಿಮೆ.

ಹರಪನಹಳ್ಳಿಯಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ. ಕಾಳು ದಪ್ಪ, ಮೂಲೆಮೂಲೆ. ಸರಿಯಾಗಿ ಹರಿಯುವುದಿಲ್ಲ, ಹರಿದಾಗ ಸದ್ದು ಮಾಡುತ್ತದೆ. ಅಕ್ಕಿ ಒಳ್ಳೆಯದೇ, ಆದರೆ ಮನೆಯಲ್ಲಿ ಒಪ್ಪಿಗೆ ಸಿಗಬೇಕು. ಮಂಡಕ್ಕಿಯನ್ನು ಯೋಚಿಸಿದವರೂ ಇದ್ದಾರೆ: ಹಗುರ, ಅಗ್ಗ, ಎಲ್ಲೆಡೆ ಸಿಗುತ್ತದೆ. ಲೆನ್ಸ್ ಇಟ್ಟೊಡನೆ ಜರ್‍ರನೆ ಪುಡಿಯಾಗಿ ಚೀಲ ಚಪ್ಪಟೆಯಾಗುತ್ತದೆ, ಆ ಸದ್ದಿಗೆ ಕೆರೆಯ ಆಚೆ ದಂಡೆಯ ಕೊಕ್ಕರೆಯೂ ತಲೆಯೆತ್ತುತ್ತದೆ. ಮಂಡಕ್ಕಿಯ ಜಾಗ ಮಿರ್ಚಿಯ ಪಕ್ಕ, ಲೆನ್ಸಿನ ಕೆಳಗಲ್ಲ. ಹತ್ತಿಕಾಳು ಸದ್ದಿಲ್ಲದ್ದು, ನವಿರಾದದ್ದು, ವಾಸ್ತವವಾಗಿ ಬಹಳ ಯೋಗ್ಯವಾದದ್ದು; ಎಮ್ಮೆಯ ಪಾಲನ್ನು ಕಸಿದ ಪಾಪವೊಂದಿದೆ. ಥರ್ಮೊಕೋಲಿನ ಮಣಿ ತುಂಬಿ ಮಾರುವ ಸಿದ್ಧ ಚೀಲಗಳು ಹಗುರವಾಗಿ ಜಾರುತ್ತವೆ, ಗಾಳಿ ಬಂದರೆ ಹಾರುತ್ತವೆ.

ಶೇಂಗಾದ ಬಗ್ಗೆ ಎಚ್ಚರಿಕೆ ಬೇಕು. ಕೂಡ್ಲಿಗಿ, ಕೊಟ್ಟೂರುಗಳ ಕಡೆ ಹೊರಟ ಗಾಡಿಯಲ್ಲಿ ಹುಡುಕದೆಯೇ ಸಿಗುವ ಕಾಳು ಅದು. ಆದರೆ ಶೇಂಗಾ ತುಂಬಿದ ಚೀಲ ಕಾಯುವ ಹೊತ್ತಿನಲ್ಲಿ ಕ್ರಮೇಣ ಕರಗುತ್ತದೆ. ಹಿಂದಿನ ಸೀಟಿನವರು ಹೊಲಿಗೆಯಲ್ಲೊಂದು ತೂತು ಕಂಡುಕೊಂಡಿರುತ್ತಾರೆ. ಕರಡಿ ಬರುವ ಹೊತ್ತಿಗೆ ಚೀಲವಿರುತ್ತದೆ, ಆನಿಕೆ ಇರುವುದಿಲ್ಲ. ಸೀಟಿನ ಕೆಳಗೆ ಸಿಪ್ಪೆ ಇರುತ್ತದೆ. ಅದೂ ಅಲ್ಲದೆ ಕರಡಿಯ ಕಣ್ಣು ಮಂದವಾದರೂ ಮೂಗು ಬಹಳ ಚುರುಕು, ಶೇಂಗಾ ಹೊಲಕ್ಕೆ ನುಗ್ಗುವುದು ಅದರ ಹಳೆಯ ರೂಢಿ. ತನ್ನ ಇಷ್ಟದ ತಿನಿಸನ್ನು ಕಿಟಕಿಗೆ ಕಟ್ಟಿಕೊಂಡು ನಿಂತ ವಾಹನವನ್ನು ಅದು ಏನೆಂದು ತಿಳಿಯಬಹುದು ಎಂಬುದನ್ನು ಪರೀಕ್ಷಿಸುವ ಅಗತ್ಯವಿಲ್ಲ.

ಎಲ್ಲ ನೋಡಿದರೆ ಬಿಳಿಜೋಳವೇ ಮೇಲು. ಕಾಳು ದುಂಡಗೆ, ಸಣ್ಣಗೆ, ನುಣುಪಾಗಿ ಹರಿಯುತ್ತದೆ, ಒತ್ತಿದರೆ ಬಿಗಿಯುತ್ತದೆ, ನಾಲ್ಕು ಲೀಟರಿಗೆ ಮೂರು ಕಿಲೋ ಹದವಾದ ತೂಕ. ಹಸಿಯಾಗಿ ಯಾರೂ ಬಾಯಿಗೆ ಹಾಕಿಕೊಳ್ಳುವುದಿಲ್ಲ. ದೂರದಿಂದ ಬರುವವರು ಖಾಲಿ ಚೀಲ ತಂದು ಇಲ್ಲಿನ ಯಾವ ಸಂತೆಯಲ್ಲಾದರೂ ತುಂಬಿಸಿಕೊಳ್ಳಬಹುದು.

ಇಷ್ಟಾದ ಮೇಲೂ ಚಿತ್ರ ಅಲುಗಿದರೆ ಕಾರಣ ಚೀಲವಲ್ಲ, ಇಂಜಿನ್ನು. ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ನು ನಿಂತಲ್ಲಿ ನಿಮಿಷಕ್ಕೆ 750 ಸುತ್ತು ತಿರುಗಿದರೆ ಸೆಕೆಂಡಿಗೆ 25 ಸಲ ಗುದ್ದುತ್ತದೆ. ಚಿತ್ರ ತೆಗೆಯುವುದು ಸೆಕೆಂಡಿನ 25ನೆಯ ಒಂದು ಭಾಗದಲ್ಲಿ. ಅಂದರೆ ಪ್ರತಿ ಚಿತ್ರದೊಳಗೂ ಲೆಕ್ಕ ಹಾಕಿದಂತೆ ಒಂದೊಂದು ಗುದ್ದು. ಆಫ್ ಮಾಡಲು ಹೇಳಿದರೆ ಡ್ರೈವರಿನ ಉತ್ತರ ಸಿದ್ಧವಿರುತ್ತದೆ: “ಬ್ಯಾಟ್ರಿ ವೀಕ್ ಐತ್ರಿ ಸಾರ್, ಮತ್ತ ಸ್ಟಾರ್ಟ್ ಆಗಂಗಿಲ್ಲ.” ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸುವುದೊಂದೇ ಇದಕ್ಕೆ ಪರಿಹಾರ. ಹಿಂದಕ್ಕೆ ತೆಗೆದು ಕೋನ ಸರಿಮಾಡಿಕೊಳ್ಳುವ ಆಸೆ ಬಿಡಬೇಕು. ರಿವರ್ಸ್ ಗೇರಿಗೆ ಬಿದ್ದೊಡನೆ ಶುರುವಾಗುವ ಸಂಗೀತ ಕಾಡಿನ ಪ್ರಾಣಿಗಳಿಗೆ ಇನ್ನೂ ರೂಢಿಯಾಗಿಲ್ಲ.

ಇಂಜಿನ್ನು ನಿಂತರೂ ಕಮಾನು ಪಟ್ಟಿಗಳು ನಿಲ್ಲುವುದಿಲ್ಲ. ಹಿಂದೆ ಕೂತ ಒಬ್ಬರು ಕಾಲು ಬದಲಿಸಿದರೆ ಗಾಡಿ ತೂಗಿ, ತೂಗಿ, ತಡೆದು ನಿಲ್ಲುತ್ತದೆ. ಕ್ರೂಸರ್‌ನಲ್ಲಿ ಹತ್ತು ಮಂದಿ ಇರುವುದು ಸಾಮಾನ್ಯ. ಒಬ್ಬರು ಕೆಮ್ಮುತ್ತಾರೆ, ಒಬ್ಬರು ಪಿಸುಮಾತಿನಲ್ಲಿ “ಎಲ್ಲೈತಣ್ಣಾ?” ಎನ್ನುತ್ತಾರೆ, ಮಿಕ್ಕವರು ತೋರಿಸಲು ಒಟ್ಟಿಗೆ ಒಂದೇ ಬದಿಗೆ ವಾಲುತ್ತಾರೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಎತ್ತರದ ಬಿಲ್ಲೇರಿ “ಸದ್ದಲೇ” ಎಂದರೆ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅದೇ ಜಾತ್ರೆಗೆ ಹೋಗಿಬಂದ ಮಂದಿಯೇ ಕ್ರೂಸರ್‌ನಲ್ಲಿ ಕೂತಿದ್ದರೂ ಕ್ಯಾಮೆರಾದವನ ಮಾತಿಗೆ ಆ ಬಲವಿಲ್ಲ. ಇಬ್ಬರಿಗಿಂತ ಹೆಚ್ಚು ಜನರನ್ನು ಕರೆದೊಯ್ಯದಿರುವುದು, ಆ ಇಬ್ಬರಲ್ಲಿ ಒಬ್ಬನು ಡ್ರೈವರ್ ಆಗಿರುವುದು, ಅವನಿಗೆ ನಿದ್ದೆ ಬಂದಿರುವುದು, ಇವು ಮೂರೂ ಕೂಡಿದರೆ ಚಿತ್ರ ಚೊಕ್ಕಟವಾಗಿ ಬರುತ್ತದೆ.

ಬಳಸಿದ ಜೋಳವನ್ನು ತಿಂಗಳಿಗೊಮ್ಮೆಯಾದರೂ ಬಿಸಿಲಿಗೆ ಹರಡಬೇಕು, ಇಲ್ಲವಾದರೆ ನುಸಿ ಹಿಡಿಯುತ್ತದೆ. ರಸ್ತೆಯ ಧೂಳೂ ಡೀಸೆಲ್ಲಿನ ವಾಸನೆಯೂ ಹತ್ತಿದ ಮೇಲೆ ಅದು ರೊಟ್ಟಿಗೆ ಬಾರದು. ಕಾಳು ಹಿಟ್ಟುಹಿಟ್ಟಾಗಿ ಚೀಲ ಜೋತುಬಿದ್ದರೆ ಕೋಳಿಗೆ ಚೆಲ್ಲಿ ಹೊಸದು ತುಂಬಬೇಕು.