ಸೊನ್ನೆಯಿಂದ ಅರವತ್ತಕ್ಕೆ

ಅಮೆರಿಕದಲ್ಲಿ ಕಾರಿನ ಕುಲಗೋತ್ರ ವಿಚಾರಿಸುವವರು ಮೊದಲು ಕೇಳುವುದು, ನಿಂತ ಕಾರು ಗಂಟೆಗೆ 60 ಮೈಲಿ ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು ಎಂದು. ನಿಂತ ಮನುಷ್ಯ ಕಾರೊಳಗೆ ಕೂರಲು ಎಷ್ಟು ಹೊತ್ತು ಬೇಕೆಂದು ಅಳೆದ ವಿಮರ್ಶಕನನ್ನು ನಾನಂತೂ ಕಂಡಿಲ್ಲ. ಬಲಗಾಲನ್ನು ಬಾಲ್ಯದಲ್ಲೇ ಪೋಲಿಯೊಗೆ ಒಪ್ಪಿಸಿ, ಉಳಿದದ್ದನ್ನು ಹೊತ್ತುಕೊಂಡು ನ್ಯೂಜೆರ್ಸಿಗೆ ಬಂದ ನನಗೆ ಬೇಕಾದ ಲೆಕ್ಕ ಬೇರೆ. ಸೀಟು ನೆಲದಿಂದ ಎಷ್ಟು ಎತ್ತರ, ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಕ್ಯಾಲಿಪರ್ ಹಾಕಿದ ಕಾಲು ಸ್ಟೀರಿಂಗ್ ಕೆಳಗೆ ನುಸುಳುತ್ತದೆಯೇ? ಇದ್ಯಾವುದೂ ಕರಪತ್ರದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕಾಫಿ ಲೋಟ ಇಡಲು ಎಷ್ಟು ತೂತುಗಳಿವೆ ಎಂಬುದು ಮಾತ್ರ ಬೀಳುತ್ತದೆ.

ಕರಪತ್ರ ಕೈಕೊಟ್ಟರೇನು, ಎಡಿಸನ್ ಸುತ್ತಮುತ್ತಲಿನ ಕನ್ನಡಿಗರಿದ್ದಾರೆ. ಸಂಕ್ರಾಂತಿ ಊಟದ ಸಾಲಿನಲ್ಲಿ ನಾನು ಬಾಯಿ ಬಿಟ್ಟಿದ್ದೇ ತಡ, ಬಿಸಿಬೇಳೆಬಾತ್‌ಗಿಂತ ಮೊದಲು ಸಲಹೆ ಬಡಿಸಿದರು. "ಟೊಯೋಟ ತಗೊಳ್ರೀ, ರೀಸೇಲ್ ಚೆನ್ನಾಗಿದೆ." ಕೊಳ್ಳುವ ಮುಂಚೆಯೇ ಮಾರುವ ಚಿಂತೆ. "ಟೆಸ್ಲಾ ತಗೊಳ್ಳಿ ಸಾರ್, ಅದೇ ಓಡಿಸ್ಕೊಂಡು ಹೋಗುತ್ತೆ, ಕಾಲೇ ಬೇಡ!" ಹಿರಿಯರೊಬ್ಬರು ಇನ್ನೂ ಮುಂದೆ ಹೋದರು: "ನಿನಗ್ಯಾಕಪ್ಪ ಈ ಉಸಾಬರಿ? ನಿನ್ನ ಹೆಂಡತಿ ಓಡಿಸ್ತಾಳಲ್ಲ."

ಕಾಲೇ ಬೇಡದ ಕಾರಿಗೆ ಚಾರ್ಜಿಂಗ್ ಕೇಬಲ್ ಎಳೆದು ಚುಚ್ಚಲು ಮಾತ್ರ ಕಾಲೂ ಬೇಕು, ಕೈಯೂ ಬೇಕು. ನ್ಯೂಜೆರ್ಸಿಯಲ್ಲಿ 1949ರಿಂದ ಗ್ರಾಹಕರು ತಾವೇ ಪೆಟ್ರೋಲ್ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ಬಂಕಿನ ಹುಡುಗನೇ ಬಂದು ಹಾಕಬೇಕು. ಆರೆಗನ್ ರಾಜ್ಯ 2023ರಲ್ಲಿ ಸಡಿಲಬಿಟ್ಟ ಮೇಲೆ ಇಂಥ ಕಾನೂನು ಉಳಿಸಿಕೊಂಡಿರುವುದು ನಾವೊಬ್ಬರೇ. ಅಂಗವಿಕಲ ಚಾಲಕನಿಗೆ ಈ ರಾಜ್ಯ ಕೊಟ್ಟ ಅತಿ ದೊಡ್ಡ ಸೌಕರ್ಯ ಇದು, ಅದೂ ಅವನನ್ನು ಕನಸಿನಲ್ಲೂ ನೆನೆಯದೆ, ಬೆಂಕಿಯ ಭಯ ಹೇಳಿ ಮಾಡಿದ್ದು. ಅದನ್ನು ಬಿಟ್ಟು ಎಲೆಕ್ಟ್ರಿಕ್ ಕೊಳ್ಳಬೇಕಂತೆ. ಗಾಲಿಕುರ್ಚಿಯಲ್ಲೇ ಕೂತು ಓಡಿಸುವವರ ಕಥೆ ಕೇಳಲೇಬೇಡಿ. ಅವರಿಗಾಗಿ ವ್ಯಾನಿನ ನೆಲ ಕತ್ತರಿಸಿ ತಗ್ಗಿಸುತ್ತಾರೆ. ಹೊಸ ಎಲೆಕ್ಟ್ರಿಕ್ ವಾಹನಗಳಲ್ಲಿ ಭೂಮಿಯನ್ನು ಉಳಿಸುವ ಬ್ಯಾಟರಿ ಸರಿಯಾಗಿ ಅದೇ ಜಾಗದಲ್ಲಿ ಪವಡಿಸಿರುತ್ತದೆ.

ಸೊಂಟದ ಕೆಳಗೆ ಸ್ವಾಧೀನವಿಲ್ಲದ ಅನೇಕ ಚಾಲಕರಿಗೆ ಅನುಕೂಲವಾಗಿದ್ದದ್ದು ಪಡ್ಡೆ ಹುಡುಗರ ಎರಡು ಬಾಗಿಲಿನ ಕೂಪೆ ಎಂದರೆ ನಮ್ಮವರು ನಗುತ್ತಾರೆ. ಉದ್ದನೆಯ ಬಾಗಿಲು ತೆರೆದು, ಸೀಟಿಗೆ ಜಾರಿ, ಮಡಿಸಿದ ಗಾಲಿಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರೆ ಆಯಿತು, ಯಾರ ಹಂಗೂ ಇಲ್ಲ. ಹೋಂಡಾ ಅಕಾರ್ಡ್ ಕೂಪೆ 2017ಕ್ಕೆ ಮುಗಿಯಿತು, ಸಿವಿಕ್ ಕೂಪೆ 2020ಕ್ಕೆ. ಪಡ್ಡೆಗಳೆಲ್ಲ ಎಸ್‌ಯುವಿ ಹತ್ತಿದರು. ಗಾಲಿಕುರ್ಚಿಗೆಂದೇ ಕಾರ್ಖಾನೆಯಲ್ಲಿ ಹುಟ್ಟಿದ ಎಂವಿ-1 ಎಂಬ ವಾಹನವೂ ಒಂದಿತ್ತು; ಅದರ ತಯಾರಿಕೆ 2016ರಲ್ಲಿ ನಿಂತುಹೋಯಿತು. ಸೊನ್ನೆಯಿಂದ ಅರವತ್ತಕ್ಕೆ ಅದು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತಿತ್ತೋ, ಪಾಪ.

ಈ ದೇಶಕ್ಕೆ ಕಾನೂನಿಲ್ಲವೆಂದಲ್ಲ. 1990ರ ಅಂಗವಿಕಲರ ಹಕ್ಕುಗಳ ಕಾಯಿದೆಯಡಿ ನನ್ನ ಕಾರು ನಿಲ್ಲುವ ಜಾಗಕ್ಕೆ ಇಂಚಿನ ಲೆಕ್ಕವಿದೆ: ಅಗಲ 96 ಇಂಚು, ಪಕ್ಕದಲ್ಲಿ ಇಳಿಯಲು ಇನ್ನೂ 60. ಅಲ್ಲಿ ತಂದು ನಿಲ್ಲಿಸುವ ಕಾರು ಎಲ್ಲಿಂದ ಬರಬೇಕು ಎನ್ನುವಲ್ಲಿ ಕಾಯಿದೆಗೆ ಮೌನವ್ರತ. ಅಂಗವಿಕಲರಿಗೆ ಮಾರ್ಪಡಿಸಿದ ಹೊಸ ವಾಹನಕ್ಕೆ 20,000ದಿಂದ 80,000 ಡಾಲರ್ ಆಗಬಹುದೆಂದು ಹೆದ್ದಾರಿ ಸುರಕ್ಷತೆಯ ಫೆಡರಲ್ ಇಲಾಖೆ ಹಿಂದೆಯೇ ತನ್ನ ಕೈಪಿಡಿಯಲ್ಲಿ ಬರೆದಿತ್ತು. ಅದಕ್ಕೆ ಪರಿಹಾರವಾಗಿ ದೊಡ್ಡ ಕಂಪನಿಗಳು ಸಾಮಾನ್ಯವಾಗಿ 1,000 ಡಾಲರ್‌ವರೆಗೆ ವಾಪಸು ಕೊಡುತ್ತವೆ, ಮುಯ್ಯಿ ಓದಿಸಿದ ಹಾಗೆ. ಸರ್ಕಾರಿ ಆರೋಗ್ಯವಿಮೆ ಮೆಡಿಕೇರ್ ಗಾಲಿಕುರ್ಚಿ ಕೊಡುತ್ತದೆ, ಆದರೆ ಮನೆಯೊಳಗೆ ಓಡಾಡಲು ಬೇಕೆಂದು ಡಾಕ್ಟರು ಬರೆದುಕೊಟ್ಟರೆ ಮಾತ್ರ. ಕಾರಿಗೆ ಕೈಯಿಂದ ಓಡಿಸುವ ಸಲಕರಣೆ ಹಾಕಿಸಲು ಬಿಡಿಗಾಸೂ ಇಲ್ಲ. ಅಡುಗೆಮನೆಯಿಂದ ಹಾಲ್‌ಗೆ ನಿಮ್ಮ ಪ್ರಯಾಣ ಸುಖಕರವಾಗಿರಲಿ.

ಇಷ್ಟೆಲ್ಲ ತಿಳಿದೂ ರೂಟ್ 22ರ ಮೇಲಿನ ಒಂದು ಷೋರೂಮಿಗೆ ಹೋದೆ. ನನಗೆ ಆಕ್ಸಿಲರೇಟರ್ ಬ್ರೇಕಿನ ಎಡಕ್ಕೆ ಇರಬೇಕು. ಸೇಲ್ಸ್‌ಮನ್ ನನ್ನ ಹೆಂಡತಿಯ ಮುಖ ನೋಡಿಕೊಂಡು, "ಇವರು ಯಾವ ಬಣ್ಣ ಇಷ್ಟಪಡುತ್ತಾರೆ?" ಎಂದು ಕೇಳಿದ. ಇವರು ಮೊದಲು ಓಡಿಸಿ ನೋಡಲು ಇಷ್ಟಪಡುತ್ತಾರೆ ಎಂದಳು ಅವಳು. ಆಗದಂತೆ. ಕೊಂಡ ಮೇಲೆ ಪೆಡಲ್ ಹಾಕಿಸಿ, ಹಾಕಿಸಿದ ಮೇಲೆ ಓಡಿಸಿ. ಅವನನ್ನೂ ಪೂರ್ತಿ ದೂರುವಂತಿಲ್ಲ. ಟೆಸ್ಟ್ ಡ್ರೈವ್‌ಗಾಗಿ ತಾತ್ಕಾಲಿಕ ಕೈ ಸಲಕರಣೆ ಜೋಡಿಸಿ ಎಂದು ಕೇಳಿದ ಒಬ್ಬ ಗ್ರಾಹಕ ಕ್ಯಾಲಿಫೋರ್ನಿಯಾದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಬೇಕಾಯಿತು. 2017ರಲ್ಲಿ ಅಲ್ಲಿ ಗೆದ್ದದ್ದಾದರೂ ಏನು? ಕಾರಲ್ಲ, ಟೆಸ್ಟ್ ಡ್ರೈವೂ ಅಲ್ಲ. ಕೆಳಗಿನ ನ್ಯಾಯಾಲಯ ವಜಾ ಮಾಡಿದ್ದ ಮೊಕದ್ದಮೆಯನ್ನು ಮುಂದುವರಿಸುವ ಹಕ್ಕು.

ಊರಿನಲ್ಲಾದರೆ ಇಷ್ಟು ಯೋಚಿಸುವ ಕಷ್ಟವಿರಲಿಲ್ಲ, ಕಾರನ್ನು ತೆರಿಗೆಯೇ ಆರಿಸಿಕೊಡುತ್ತಿತ್ತು. ಕೈಕಾಲಿನ ವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ, ಪೆಟ್ರೋಲ್ ಕಾರು 4 ಮೀಟರ್ ಮತ್ತು 1,200 ಸಿಸಿ ಮೀರದಿದ್ದರೆ, ದೆಹಲಿಯಿಂದ ಸರ್ಟಿಫಿಕೇಟ್ ತಂದರೆ, ಶೇ. 28ರ ಬದಲು 18 ಜಿಎಸ್‌ಟಿ ಇತ್ತು. ಕಾಲು ಎಷ್ಟೇ ಉದ್ದವಿರಲಿ, ಕಾರು ಗಿಡ್ಡವಿರಬೇಕು. 2025ರ ಸೆಪ್ಟೆಂಬರ್ 22ರಿಂದ ಅಂಥ ಸಣ್ಣ ಕಾರುಗಳಿಗೆ ಎಲ್ಲರಿಗೂ ಶೇ. 18 ಆಯಿತು. ರಿಯಾಯಿತಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಊರಿಗೆಲ್ಲ ಹಂಚಿದರು. ಇದಪ್ಪಾ ಸಮಾನತೆ.

ಕೊನೆಗೆ ಸೀಟು ನನ್ನ ಸೊಂಟದ ಮಟ್ಟಕ್ಕಿದ್ದ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಅದರ ಬಣ್ಣದ ಬಗ್ಗೆ ಹೆಂಡತಿ ಇವತ್ತಿಗೂ ಮಾತಾಡುವುದಿಲ್ಲ. ಕನ್ನಡಿಗೆ ಅಂಗವಿಕಲರ ಪಾರ್ಕಿಂಗಿನ ನೀಲಿ ಕಾರ್ಡು ನೇತುಹಾಕಿ ಹಾಲೆಂಡ್ ಸುರಂಗ ದಾಟಿದರೆ ನ್ಯೂಯಾರ್ಕ್ ನಗರದ ಬೀದಿಗಳಲ್ಲಿ ಆ ಕಾರ್ಡು ನಡೆಯುವುದಿಲ್ಲ. ನಗರಕ್ಕೆ ತನ್ನದೇ ಪರವಾನಗಿ ಬೇಕು. ಗಂಗೆಯಲ್ಲಿ ಮಿಂದರೆ ಪಾಪ ಹೋಗುತ್ತದಂತೆ, ಹಡ್ಸನ್ ನದಿಯ ಕೆಳಗೆ ಹಾದರೆ ಪೋಲಿಯೊ ಹೋಗುತ್ತದೆ.

ನ್ಯೂಜೆರ್ಸಿಯ ಕಡೆ ಮಾತ್ರ ಆ ಕಾರ್ಡಿಗೆ ಬಹಳ ಗೌರವ, ಅದರಲ್ಲೂ ಬಂಧುಬಳಗದಲ್ಲಿ. ಟೆಸ್ಲಾ ತಗೊಳ್ಳಿ ಎಂದಿದ್ದವನು ದೀಪಾವಳಿಯ ಹಿಂದಿನ ಶನಿವಾರ ಫೋನ್ ಮಾಡಿದ. ಓಕ್ ಟ್ರೀ ರಸ್ತೆಯಲ್ಲಿ ಪಾರ್ಕಿಂಗ್ ಸಿಗೋದೇ ಇಲ್ಲ, ನಮ್ಮ ಜೊತೆ ಬನ್ನಿ ಸಾರ್ ಎಂದ. ಮಂಡಿ ನೋವು, ಬರಲಾರೆ ಎಂದೆ.

"ಅಯ್ಯೋ, ರೆಸ್ಟ್ ತಗೊಳ್ಳಿ ಸಾರ್. ಕಾರ್ಡ್ ಮಾತ್ರ ಕೊಟ್ಟು ಕಳಿಸಿ."