ಸರ್ವರ್ ಮಲಗ್ಯಾದರಿ

ಶಹಾಪುರದ ಗುಡ್ಡದ ಆಕಾರದಲ್ಲಿ ಬುದ್ಧ ಮಲಗಿದ್ದಾನೆ, ನೋಡಲು ಚೆಂದ. ಯಾದಗಿರಿಯ ಕಚೇರಿಯೊಂದರ ಸರ್ವರೂ ಹಾಗೇ ಮಲಗಿತ್ತು, ಅದೇನೂ ಚೆಂದವಿರಲಿಲ್ಲ. "ತಮ್ಮಾ, ಸರ್ವರ್ ಇನ್ನಾ ಎದ್ದಿಲ್ಲೇನು?" ಸುರಪುರದಿಂದ ಬಂದಿದ್ದ ಅಜ್ಜ ಕಿಟಕಿಯಲ್ಲಿ ಇಣುಕಿದ.

ಒಳಗೆ ರೇಡ್ 5 ಜೋಡಣೆಯ ನಾಲ್ಕು ಡಿಸ್ಕು. ಸಣ್ಣ ಅಂಕಿಯೊಂದನ್ನು ತಿದ್ದಲೂ ಎರಡು ಸಲ ಓದಿ, ಎರಡು ಸಲ ಬರೆಯುತ್ತವೆ. ನಮ್ಮ ಗುಮಾಸ್ತರೇ ವಾಸಿ! ಈ ಗೋಳನ್ನು ಮರೆಮಾಚುವುದು ಡಿಸ್ಕುಗಳನ್ನು ನಡೆಸುವ ಕಂಟ್ರೋಲರಿನ ಕ್ಯಾಶ್, ಬರೆಯಬೇಕಾದ್ದನ್ನು ಸದ್ಯಕ್ಕೆ ಹಿಡಿದಿಟ್ಟುಕೊಳ್ಳುವ ಜಾಗ. ಅದರ ಬ್ಯಾಟರಿ ಸತ್ತಿತೋ, ಕರೆಂಟು ಹೋದೀತೆಂಬ ಹೆದರಿಕೆಗೆ ಕಂಟ್ರೋಲರು ಪ್ರತಿಯೊಂದನ್ನೂ ಡಿಸ್ಕಿಗೆ ಬರೆಸಿಯೇ ಮುಂದಿನದಕ್ಕೆ ಕೈಹಾಕುತ್ತದೆ.

ಸರ್ವರ್ ಎಬ್ಬಿಸಲು ಹೋದ ನಾನೋ, ಧೂಳು ಒರೆಸಿದೆ, ಕೇಬಲ್ ಬದಲಿಸಿದೆ. ಪೆಟ್ಟಿಗೆಯ ಮೇಲೆ ಯಾರೋ ಇಟ್ಟಿದ್ದ ನಿಂಬೆಹಣ್ಣನ್ನು ಮಾತ್ರ ಮುಟ್ಟಲಿಲ್ಲ. ಕಡೆಗೆ ಬ್ಯಾಟರಿ ಸಿಕ್ಕಿಬಿತ್ತು. ಹೊಸದನ್ನು ಹಾಕಿ ಹೊರಬಂದರೆ, ಅಜ್ಜ ಬೆಂಚಿನ ಮೇಲೆ ಅಂಗಾತ ಮಲಗಿದ್ದ, ಥೇಟ್ ಶಹಾಪುರದ ಗುಡ್ಡ.