ಹೂವಿಗೆ ಕಟ್ಟಿದ ಬೆಲೆ

ಅಂಕೋಲೆಯಲ್ಲಿ ಮಾವು ಹೂ ಬಿಟ್ಟಿತೆಂದರೆ ಗುತ್ತಿಗೆ ಹಿಡಿಯುವವರು ಅಂಗಳಕ್ಕೆ ಬಂದರೆಂದೇ ಲೆಕ್ಕ. ತಲೆಯೆತ್ತಿ ಮರಕ್ಕೊಂದು ಸುತ್ತು ಹಾಕಿ, "ಈ ಸಲ ಹೂವೇ ಕಡಿಮೆ ನಾಯಕ್ರೇ" ಎನ್ನುವುದು ಪೀಠಿಕೆ. ಮರವಿಡೀ ಹೂವಾಗಿ ನಿಂತಿದ್ದರೂ ಈ ಪೀಠಿಕೆ ಬದಲಾಗುವುದಿಲ್ಲ. 2023ರಲ್ಲಿ ಇಲ್ಲಿನ ಕರಿ ಇಷಾಡ ಮಾವಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿ, ಹಣ್ಣಿನ ಜಾತಕ ಚೆನ್ನೈನ ಕಚೇರಿಯಲ್ಲಿ ಭದ್ರವಾಗಿದೆ. ಮರದ ಗುತ್ತಿಗೆ ಮಾತ್ರ ಇನ್ನೂ ಬಾಯಲ್ಲೇ ಉಳಿದಿದೆ. ಕಾಗದ ಮಾಡೋಣವೆಂದರೆ ಮುನಿಸು: "ನಾನೇನು ಊರು ಬಿಟ್ಟು ಹೋಗ್ತೇನಾ?"

ಕಾನೂನಿನ ತಕರಾರೂ ಇಲ್ಲ. 1872ರ ಕರಾರು ಕಾಯ್ದೆ ಬಾಯಿಮಾತಿನ ಒಪ್ಪಂದವನ್ನೂ ಒಪ್ಪುತ್ತದೆ. ಒಪ್ಪದಿರುವುದು ಬಾಜಿಯನ್ನು; ಅದರ 30ನೇ ಕಲಮಿನಲ್ಲಿ ಬಾಜಿಯ ಕರಾರು ಅನೂರ್ಜಿತ. ಇಬ್ಬನಿ, ಜಿಗಿಹುಳು, ಅಕಾಲದ ಮಳೆ, ಮಂಗಗಳ ದಾಳಿ ಎಲ್ಲವನ್ನೂ ದಾಟಿ ಹೂವು ಹಣ್ಣಾಗಬೇಕು. ಇದು ಬಾಜಿಯಲ್ಲವೆಂದು ವಾದಿಸುವ ವಕೀಲರಿಗೆ ನನ್ನ ನಮಸ್ಕಾರ. ಮಂಗಗಳಿಂದ ಸಹಿ ಹಾಕಿಸುವುದಂತೂ ಅವರಿಂದಲೂ ಆಗದು.

ಕಾರವಾರದ ರಂಪಣಿ ಬಲೆಯದೂ ಬಾಯಿಲೆಕ್ಕವೇ ಆಗಿತ್ತು. ದಂಡೆಯ ಎರಡು ಕಡೆ ಸಾಲುಗಟ್ಟಿ ಹಗ್ಗ ಎಳೆದವರಿಗೆ ಬಂಗಡೆ, ತಾರ್ಲೆಯಲ್ಲಿ ಪಾಲು. ಬಲೆಗೂ ಪಾಲು, ದೋಣಿಗೂ ಪಾಲು. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ಮೀನನ್ನು ಕಡಲಲ್ಲೇ ಬಾಚತೊಡಗಿದವು. ಪಾಲಿನ ಲೆಕ್ಕ ತಪ್ಪಲಿಲ್ಲ, ಪಾಲು ಹಾಕಲು ಮೀನೇ ದಂಡೆಗೆ ಬರಲಿಲ್ಲ.

ಇದೇ ಕಾರವಾರದಲ್ಲಿ ಸತ್ಯೇಂದ್ರನಾಥ ಟಾಗೋರರು ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅಣ್ಣ ಕೋರ್ಟಿನಲ್ಲಿ ಊರವರ ವ್ಯಾಜ್ಯ ಬಿಡಿಸುತ್ತಿದ್ದಾಗ, 1883ರಲ್ಲಿ ಬಂದ ತಮ್ಮ ರವೀಂದ್ರ 'ಪ್ರಕೃತಿರ್ ಪ್ರತಿಶೋಧ್' ಬರೆದರು. ಎಲ್ಲ ಬಂಧನ ಹರಿದುಕೊಂಡ ಸನ್ಯಾಸಿಯೊಬ್ಬ ಅನಾಥ ಹುಡುಗಿಯ ಮಮತೆಗೆ ಸಿಕ್ಕಿಬೀಳುವ ನಾಟಕ. ಆ ಹುಡುಗಿಯ ಬಳಿಯೂ ಕಾಗದವಿರಲಿಲ್ಲ!

ಹಾಗೆಂದು ಬಾಯಿಮಾತನ್ನು ತೀರಾ ಹೊಗಳಲಾರೆ. ಒಂದೇ ಹಗ್ಗ ಎಳೆಯುವವರ ನಡುವೆ ಅದು ಸಾಕು. ಒಡೆಯ ಮತ್ತು ಒಕ್ಕಲಿನ ನಡುವೆ ಒಡೆಯನ ಬಾಯಿಯೇ ದೊಡ್ಡದು. ಎಷ್ಟೋ ಚಾಲಗೇಣಿ ಒಕ್ಕಲುಗಳ ಕೈಯಲ್ಲಿ ಗೇಣಿ ಕೊಟ್ಟದ್ದಕ್ಕೆ ರಸೀದಿಯೂ ಇರಲಿಲ್ಲ. ಅವರ ಪರ ನಿಂತ ಅಂಕೋಲೆಯ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರಕಾರ ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. 1974ರ ಭೂಸುಧಾರಣೆ ಬಂದಾಗ ಒಕ್ಕಲುಗಳು ಉಳುವ ಭೂಮಿಯ ಹಕ್ಕಿಗಾಗಿ ನಮೂನೆ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಕಾಗದವಿಲ್ಲದವರಿಗೆ, ಉಳುವುದನ್ನು ಕಂಡ ನೆರೆಯವರೇ ಸಾಕ್ಷಿ. ಬೇಲಿಯ ತಗಾದೆಯಲ್ಲಿ ವರ್ಷಗಟ್ಟಲೆ ಮಾತು ಬಿಟ್ಟವರೂ ಆಗ ಎಳನೀರು ಹಿಡಿದು ನೆರೆಮನೆಯ ಮೆಟ್ಟಿಲು ಹತ್ತಿದರಂತೆ.